ಮೂವತ್ತೊಂದು ಜಿಂಕೆ ಕೊಂದವಳು

ಸರಕಾರದ ಕಡತಗಳನ್ನು ನಂಬುವುದಾದರೆ ನಾನು ಈವರೆಗೆ ಮೂವತ್ತೊಂದು ಜಿಂಕೆಗಳನ್ನು ಕೊಂದಿದ್ದೇನೆ. ನನ್ನನ್ನು ಕಂಡವರು ಯಾರೂ ಇದನ್ನು ನಂಬುವುದಿಲ್ಲ. ಇಪ್ಪತ್ತೆಂಟು ವರ್ಷ ಶಾಲೆಯ ಅಡುಗೆಮನೆಯಲ್ಲಿ ಮಕ್ಕಳ ತಟ್ಟೆಗೆ ಆಲೂಗಡ್ಡೆ ಬಡಿಸಿ ನಿವೃತ್ತಳಾದ, ಇಲಿ ಕಂಡರೆ ಇವತ್ತಿಗೂ ಕುರ್ಚಿ ಹತ್ತುವ ಅರವತ್ತೊಂದರ ಹೆಂಗಸು ನಾನು. ಆದರೆ ಕಡತದಲ್ಲಿ ಇರುವುದು ಇದೆ: ಲೋರ್ನಾ ಟೋರ್ಗರ್ಸನ್, ಜಿಂಕೆ, ಮೂವತ್ತೊಂದು.

ವಿಷಯ ಇಷ್ಟೆ. ನಮ್ಮ ವಿಸ್ಕಾನ್ಸಿನ್‌ನಲ್ಲಿ ನವೆಂಬರ್ ಬಂತೆಂದರೆ ಒಂಬತ್ತು ದಿನ ಜಿಂಕೆ ಬೇಟೆ. ಗುಂಪಾಗಿ ಬೇಟೆಗೆ ಹೋದರೆ ಯಾರ ಲೈಸೆನ್ಸಿಗೆ ಯಾರು ಬೇಕಾದರೂ ಹೊಡೆಯಬಹುದು; ಲೈಸೆನ್ಸ್ ಇದ್ದವರು ಕೂಗಿದರೆ ಕೇಳಿಸುವಷ್ಟು ಹತ್ತಿರದಲ್ಲಿರಬೇಕು, ಅಷ್ಟೆ. ಹೀಗಾಗಿ ಮದುವೆಯಾದ ವರ್ಷದಿಂದಲೇ ನನ್ನ ಹೆಸರಿಗೂ ಒಂದು ಲೈಸೆನ್ಸ್. ನನ್ನ ಗಂಡ ಆರ್ವಿಡ್ ಬಂದೂಕು ಹಿಡಿದು ಮರದ ಮೇಲಿನ ಅಟ್ಟಣೆಯಲ್ಲಿ. ನಾನು ಕಾಡಂಚಿನಲ್ಲಿ ನಿಂತ ಟ್ರಕ್ಕಿನಲ್ಲಿ, ಮೈಮೇಲೆ ಕಿತ್ತಳೆ ಬಣ್ಣದ ಬೇಟೆ ಅಂಗಿ, ಮಡಿಲಲ್ಲಿ ಒಂದು ಬುಟ್ಟಿ ಆಲೂಗಡ್ಡೆ, ಕೈಯಲ್ಲಿ ಸಿಪ್ಪೆ ತೆಗೆಯುವ ಚಾಕು. (ನನ್ನ ಮೂವತ್ತಾರು ವರ್ಷಗಳ ಬೇಟೆಯ ಬದುಕಿನಲ್ಲಿ ನಾನು ಹಿಡಿದ ಏಕೈಕ ಆಯುಧ ಅದು. ಜಿಂಕೆಗಳು ಮೂವತ್ತೊಂದೇ ಯಾಕೆ ಎಂದು ಲೆಕ್ಕ ಹಾಕುವವರಿಗೆ: ಮಿಕ್ಕ ಐದು ವರ್ಷ ಗುರಿ ತಪ್ಪಿತ್ತು. ನನ್ನದಲ್ಲ.)

ಕಾಡಿನೊಳಗಿಂದ ‘ಢಂ’ ಎಂದು ಕೇಳಿಸಿದರೆ ಅವನ ಬೇಟೆ ಮುಗಿಯಿತು, ನನ್ನದು ಶುರುವಾಯಿತು ಎಂದರ್ಥ. ಕೊಯ್ಯುವುದು, ಕೊಚ್ಚುವುದು, ಬಿಳಿ ಕಾಗದದಲ್ಲಿ ಪೊಟ್ಟಣ ಕಟ್ಟುವುದು, ಪ್ರತಿ ಪೊಟ್ಟಣಕ್ಕೂ ಚೀಟಿ ಅಂಟಿಸುವುದು. ಚೀಟಿಯಲ್ಲಿ ಯಾವ ಭಾಗ, ಯಾವುದಕ್ಕೆ, ಯಾವ ವರ್ಷ, ಮೂರೂ ಇರಬೇಕು. ವರ್ಷ ಬರೆಯದಿದ್ದರೆ ಫ್ರೀಜರಿನ ತಳದಲ್ಲಿ ಮಗಳು ಕಾರಿನ್ ಹಾಲುಹಲ್ಲು ಬಿದ್ದ ಕಾಲದ ಮಾಂಸ ಉಳಿದು, ಅವಳ ಮದುವೆಯ ಊಟಕ್ಕೆ ಹೊರಗೆ ಬರುತ್ತದೆ. ಇದಿಷ್ಟು ಆಮೇಲಿನದು. ಮೊದಲಿನದು ಬೇರೆಯೇ ಇದೆ. ಬೇಟೆಗೆ ಎರಡು ವಾರ ಇರುವಾಗಿನಿಂದಲೇ ಅವನ ಬಟ್ಟೆಗಳನ್ನು ವಾಸನೆಯಿಲ್ಲದ ಸೋಪಿನಲ್ಲಿ ಒಗೆದು, ಹೊರಗೆ ಪೈನ್ ಮರದ ಕೆಳಗೆ ಒಣಗಿಸಬೇಕು. ಮನೆಯೊಳಗೆ ಈರುಳ್ಳಿ ಹುರಿಯುವಂತಿಲ್ಲ. ಜಿಂಕೆಯ ಮೂಗು ಬಹಳ ಸೂಕ್ಷ್ಮವಂತೆ. (ನನ್ನ ಮೂಗಿನ ಬಗ್ಗೆ, ಅವನ ಬೂಟುಗಳನ್ನು ನಾನು ಒಣಗಲು ಇಡುವಾಗ, ಯಾರೂ ಸಂಶೋಧನೆ ನಡೆಸಿಲ್ಲ.)

ಇಷ್ಟೆಲ್ಲ ಹೇಳಿದ ಮಾತ್ರಕ್ಕೆ ಆರ್ವಿಡ್ ಕೆಟ್ಟವನೆಂದು ತಿಳಿಯಬೇಡಿ. ನಲವತ್ತು ವರ್ಷ ಕಾಗದದ ಗಿರಣಿಯಲ್ಲಿ ದುಡಿದ, ನನ್ನ ಮೇಲೆ ಒಂದು ದಿನವೂ ದನಿ ಎತ್ತದ, ಚಳಿಗಾಲದಲ್ಲಿ ನನ್ನ ಪಾದಗಳನ್ನು ತನ್ನ ಹೊಟ್ಟೆಗೆ ಒತ್ತಿಕೊಂಡು ಬಿಸಿ ಮಾಡುವ ಮನುಷ್ಯ. ಅವನಿಗಿರುವುದು ಒಂದೇ ದೋಷ: ಯಾವ ಕೆಲಸವನ್ನು ಹಿಡಿದರೂ ಕೊನೆಯ ಹೆಜ್ಜೆ ಬಿಟ್ಟುಬಿಡುತ್ತಾನೆ. ಕೊಳೆ ಬಟ್ಟೆಯನ್ನು ಬುಟ್ಟಿಯ ಹತ್ತಿರ ತರುತ್ತಾನೆ, ಬುಟ್ಟಿಯೊಳಗೆ ಹಾಕುವುದಿಲ್ಲ. ಉಂಡ ತಟ್ಟೆಯನ್ನು ಸಿಂಕಿನ ಪಕ್ಕದವರೆಗೆ ಹೊತ್ತು ತಂದು, ಅಲ್ಲಿ ಯಾವುದೋ ಅದೃಶ್ಯ ಗಡಿಯೊಂದು ಎದುರಾದಂತೆ ಇಟ್ಟು ಹೊರಟುಬಿಡುತ್ತಾನೆ.

“ಇನ್ನೊಂದು ಗೇಣು, ಆರ್ವಿಡ್!” ಎಂದು ನಾನು ಕೂಗುತ್ತೇನೆ.

“ಏನಂದೆ?” ಎನ್ನುತ್ತಾನೆ, ಆಗಲೇ ಕುರ್ಚಿಯಲ್ಲಿ ಕೂತು.

ಮದುವೆಯಾದಾಗಿನಿಂದ ನಮ್ಮ ಮನೆಯ ಸಾಯಂಕಾಲದ ಪ್ರಾರ್ಥನೆ ಇದೇ.

ಎರಡು ವರ್ಷದ ಹಿಂದೆ, ಆರ್ವಿಡ್ ಹುಡುಗನಾಗಿದ್ದಾಗಿನಿಂದ ಬೇಟೆಯಾಡುತ್ತಿದ್ದ ಅವನ ದಾಯಾದಿಯ ಕಾಡು ಮಾರಾಟವಾಯಿತು. ಅಲ್ಲಿ ಈಗ ಹನ್ನೆರಡು ಮನೆಗಳು, ಹನ್ನೆರಡು ಗ್ಯಾರೇಜು. ಅವನ ಅಪ್ಪ ಕಟ್ಟಿದ್ದ ಅಟ್ಟಣೆಯ ಹಲಗೆಗಳನ್ನು ಬಿಚ್ಚಿ ಮನೆಗೆ ತಂದು ಗೋಡೆಗೆ ಒರಗಿಸಿದ. ಆ ನವೆಂಬರಿನಲ್ಲಿ ಒಂಬತ್ತು ದಿನವೂ ಕಿಟಕಿಯ ಹತ್ತಿರ ನಿಂತಿದ್ದ. ನಾನು ಬೇಕೆಂದೇ ಈರುಳ್ಳಿ ಹುರಿದೆ. ಏನೂ ಅನ್ನಲಿಲ್ಲ. ಆಗ ನನಗೆ ನಿಜವಾಗಿ ಭಯವಾಯಿತು.

ಹೀಗಾಗಿ ಜನವರಿಯ ಒಂದು ಬೆಳಗ್ಗೆ ತಿಂಡಿಯ ಮೇಜಿನ ಮೇಲೆ ಅವನು ಅಮೆರಿಕದ ನಕ್ಷೆ ಹರಡಿ, ಅದರ ಮೂಲೆಗಳು ಮಡಚದಂತೆ ನನ್ನ ಜ್ಯಾಮ್ ಬಾಟಲಿ, ನನ್ನ ಕಾಫಿ ಲೋಟ, ನನ್ನ ಕನ್ನಡಕ, ನನ್ನ ಮೊಣಕೈಗಳನ್ನು ಇಟ್ಟಾಗ ನಾನು ಸುಮ್ಮನಿದ್ದೆ.

“ಲೋರ್ನಾ, ನಾವು ಊರು ಬದಲಾಯಿಸೋಣ.”

“ಯಾವ ಊರಿಗೆ?”

“ಅದನ್ನೇ ಆರಿಸ್ತಾ ಇದೀನಿ. ಎಲ್ಲಿ ಬೇಟೆ ಚೆನ್ನಾಗಿದೆಯೋ ಅಲ್ಲಿಗೆ.”

ಒಂದು ಬೀಜದಂಗಡಿಯ ಕ್ಯಾಲೆಂಡರನ್ನು ತಿರುವಿ, ಅದರ ಬೆನ್ನ ಮೇಲೆ ಗೆರೆ ಎಳೆದು ಪಟ್ಟಿ ಮಾಡಿದ್ದ. ಎಡಗಡೆ ಐದು ರಾಜ್ಯಗಳು: ಮೊಂಟಾನಾ, ಐಡಾಹೊ, ವಯೋಮಿಂಗ್, ಕೊಲರಾಡೊ, ನ್ಯೂ ಮೆಕ್ಸಿಕೊ. ಮೇಲೆ ಕಾಲಮ್ಮುಗಳು: ಎಲ್ಕ್ ಎಷ್ಟಿವೆ, ಸರಕಾರಿ ಕಾಡು ಎಷ್ಟಿದೆ, ಲೈಸೆನ್ಸ್ ಸಿಗುವ ಸಂಭವ, ಹಿಮ, ಬೇರೆ ಬೇಟೆಗಾರರ ಕಾಟ. (ಎಲ್ಕ್ ಎಂದರೆ ನಮ್ಮ ಜಿಂಕೆಯ ಪಕ್ಕದಲ್ಲಿ ನಿಲ್ಲಿಸಿದರೆ ಅದರ ದೊಡ್ಡಪ್ಪನಂತೆ ಕಾಣುವ ಪ್ರಾಣಿ. ಕಡವೆಯನ್ನು ಕಂಡವರು ಅದಕ್ಕೆ ಇನ್ನೂ ಅರ್ಧ ಕಡವೆ ಸೇರಿಸಿಕೊಳ್ಳಿ.) ಪ್ರತಿ ಕಾಲಮ್ಮಿಗೂ ಹತ್ತಕ್ಕೆ ಎಷ್ಟು ಎಂದು ಅಂಕ. ಮಗಳಿಗೆ ವರ ನೋಡುವಾಗಲೂ ಈ ಮನುಷ್ಯ ಇಷ್ಟು ತಲೆ ಕೆಡಿಸಿಕೊಂಡಿರಲಿಲ್ಲ.

“ಇದರಲ್ಲಿ ನಾನೆಲ್ಲಿದೀನಿ?” ಎಂದೆ.

ಅವನು ಪಟ್ಟಿಯನ್ನು ಮೇಲಿನಿಂದ ಕೆಳಗೆ ಶ್ರದ್ಧೆಯಿಂದ ನೋಡಿದ. “ನೀನು ಎಲ್ಲಾ ರಾಜ್ಯದಲ್ಲೂ ಇದೀಯಲ್ಲ. ನನ್ನ ಜೊತೆ.”

ಹೀಗೆ ಹೇಳುವ ಗಂಡಸಿನ ಮೇಲೆ ಸಿಟ್ಟು ಮಾಡುವುದು ಎಷ್ಟು ಕಷ್ಟವೆಂದು ನಿಮಗೆ ಗೊತ್ತಿರಬಹುದು. ನಾನು ಕೆಂಪು ಪೆನ್ಸಿಲ್ ತೆಗೆದುಕೊಂಡು ಬಲಗಡೆ ನನ್ನ ಕಾಲಮ್ಮುಗಳನ್ನು ಎಳೆದೆ: ದಿನಸಿ ಅಂಗಡಿ ಎಷ್ಟು ದೂರ, ಡಾಕ್ಟರು ಎಷ್ಟು ದೂರ, ಚರ್ಚಿನಲ್ಲಿ ಹಾಡುವ ತಂಡ ಇದೆಯೇ, ಮಾತಿಗೆ ಜನ ಸಿಗುತ್ತಾರೆಯೇ, ಒಗೆಯುವ ಯಂತ್ರ ಮನೆಯೊಳಗೋ ಹೊರಗೋ.

“ಒಗೆಯೋ ಯಂತ್ರಕ್ಕೂ ಬೇಟೆಗೂ ಏನೇ ಸಂಬಂಧ?”

“ನಿನ್ನ ಪ್ಯಾಂಟು ಯಾವತ್ತಾದ್ರೂ ತಾನೇ ಎದ್ದು ಹೋಗಿ ಸ್ನಾನ ಮಾಡಿ ಬಂದಿದ್ರೆ ಹೇಳು, ಅಳಿಸಿಬಿಡ್ತೀನಿ.”

ಒಂದು ತಿಂಗಳು ಆ ಕ್ಯಾಲೆಂಡರ್ ನಮ್ಮ ಫ್ರಿಜ್ಜಿನ ಬಾಗಿಲ ಮೇಲೆ ಯುದ್ಧಭೂಮಿಯಂತೆ ತೂಗಿತು. ನ್ಯೂ ಮೆಕ್ಸಿಕೊ ಅವನ ಕಾಲಮ್ಮಿನಲ್ಲಿ ಬಿತ್ತು; ಅಲ್ಲಿ ಲೈಸೆನ್ಸ್ ಸಿಗುವ ಹೊತ್ತಿಗೆ ಅವನಿಗೆ ಎಂಬತ್ತಾಗುತ್ತಿತ್ತು. ಕೊಲರಾಡೊ ‘ಬೇರೆ ಬೇಟೆಗಾರರ ಕಾಟ’ದಲ್ಲಿ ಸತ್ತಿತು. ವಯೋಮಿಂಗಿನಲ್ಲಿ ಅವನು ಆರಿಸಿದ್ದ ಊರಿನಿಂದ ದಿನಸಿ ಅಂಗಡಿಗೆ ಒಂದೂವರೆ ಗಂಟೆಯ ದಾರಿ. ಅದನ್ನು ನಾನು ಕೈಯಾರೆ ಕೊಂದೆ. ಐಡಾಹೊದ ಕೊರಳನ್ನು ಇಬ್ಬರೂ ಸೇರಿ ಹಿಸುಕಿದೆವು. ಉಳಿದದ್ದು ಮೊಂಟಾನಾ.

ನಾನು ಹೋಗಲೇಬಾರದೆಂದು ನಿರ್ಧರಿಸಿದ್ದೆ. ನನ್ನ ಅಡುಗೆಮನೆಯ ಬಾಗಿಲ ಚೌಕಟ್ಟಿನ ಮೇಲೆ ಕಾರಿನ್‌ಳ ಎತ್ತರದ ಗೆರೆಗಳಿವೆ. ಎರಡು ಬೀದಿ ಆಚೆ ನನ್ನ ತಂಗಿ ಡಾಟಿ ಇದ್ದಾಳೆ. ಆದರೆ ಕಿಟಕಿಯ ಹತ್ತಿರ ನಿಂತ ಅವನ ಬೆನ್ನೂ ಕಣ್ಣೆದುರಿಗಿತ್ತು. ಕೊನೆಗೆ ಒಂದು ಒಪ್ಪಂದಕ್ಕೆ ಬಂದೆವು. ಶರತ್ಕಾಲದಲ್ಲಿ ಆರು ವಾರ ಅಲ್ಲೊಂದು ಬಾಡಿಗೆ ಮನೆಯಲ್ಲಿ ಇದ್ದು ನೋಡುವುದು. ಎಲ್ಕ್ ಸಿಕ್ಕಿದರೆ ಇಲ್ಲಿಯ ಮನೆ ಮಾರಿ ಅಲ್ಲಿಗೇ ಹೋಗುವುದು. ಸಿಗದಿದ್ದರೆ ವಾಪಸ್ಸು ಬಂದು, ಅವನು ಈ ವಿಷಯವನ್ನು ಮತ್ತೆ ಎತ್ತದಿರುವುದು.

“ಸಿಗಲ್ಲ ಬಿಡು,” ಎಂದು ಡಾಟಿ ಸಮಾಧಾನ ಹೇಳಿದಳು. “ಎಲ್ಕ್ ಹೊಡೆಯೋದು ಅಂದ್ರೆ ಇವರು ಏನಂದ್ಕೊಂಡಿದಾರೆ? ಮೂರು ವಾರಕ್ಕೆ ಸಾಕಾಗಿ ತಾವೇ ಓಡಿ ಬರ್ತಾರೆ.”

ಲೈಸೆನ್ಸಿಗೆ ಅರ್ಜಿ ಹಾಕುವ ದಿನ ಬಂತು. ನಮ್ಮ ಮನೆಯ ಅರ್ಜಿಗಳನ್ನೆಲ್ಲ, ಗಿರಣಿಯ ಪಿಂಚಣಿಯದೂ ಸೇರಿ, ತುಂಬಿಸುತ್ತಾ ಬಂದವಳು ನಾನು. ಈ ಸಲ ಆರ್ವಿಡ್ ಎದೆ ಸೆಟೆಸಿ, “ಬೇಟೆಗಾರ ತನ್ನ ಅರ್ಜಿ ತಾನೇ ಹಾಕಬೇಕು,” ಎಂದು ಕಂಪ್ಯೂಟರಿನ ಮುಂದೆ ಕೂತ. ಎರಡು ಬೆರಳಿನಲ್ಲಿ ಎರಡು ಗಂಟೆ ಕುಟ್ಟಿದ. ನಾನು ಹತ್ತು ನಿಮಿಷದಲ್ಲಿ ನನ್ನದನ್ನು ಮುಗಿಸಿ, ರೂಢಿಯಂತೆ, ಆಲೂಗಡ್ಡೆಯ ಕಡೆಗೆ ಹೋದೆ.

ಎರಡು ವಾರದ ಮೇಲೆ ಉತ್ತರ ಬಂತು. ನನಗೆ ಎಲ್ಕ್ ಲೈಸೆನ್ಸ್ ಸಿಕ್ಕಿತ್ತು. ಅವನಿಗೆ ಸಿಗಲಿಲ್ಲ ಎಂದೂ ಬರಲಿಲ್ಲ, ಏನೂ ಬರಲಿಲ್ಲ. ನಾನು ಕಂಪ್ಯೂಟರಿನಲ್ಲಿ ಅವನ ಅರ್ಜಿ ತೆರೆದು ನೋಡಿದೆ. ಹೆಸರು, ವಿಳಾಸ, ಎತ್ತರ, ತೂಕ, ಕಣ್ಣಿನ ಬಣ್ಣ ಎಲ್ಲ ಮುತ್ತಿನಂತೆ ತುಂಬಿಸಿದ್ದ. ಕೊನೆಯಲ್ಲಿದ್ದ ‘ಕಳುಹಿಸಿ’ ಎಂಬ ಬಟನ್ ಒತ್ತಿರಲಿಲ್ಲ.

“ಇನ್ನೊಂದು ಗೇಣು, ಆರ್ವಿಡ್,” ಎಂದೆ. ಆಮೇಲಿನ ಏಳು ತಿಂಗಳಲ್ಲಿ ಆ ಬಟನ್ನನ್ನು ನಾನು ಎಷ್ಟು ಸಲ ನೆನಪಿಸಿದೆನೆಂದರೆ, ಈಗ ಹೇಳಲು ನಾಚಿಕೆಯಾಗುತ್ತದೆ. ಚರ್ಚಿನಲ್ಲಿ ಹೇಳಿದೆ. ಹಲ್ಲಿನ ಡಾಕ್ಟರ ಹತ್ತಿರ ಹೇಳಿದೆ, ಬಾಯಲ್ಲಿ ಹತ್ತಿ ಇಟ್ಟುಕೊಂಡು.

ಅವನು ಮಾತ್ರ ಕುಗ್ಗಲಿಲ್ಲ. “ಅದಕ್ಕೇನೀಗ? ನಿನ್ನ ಲೈಸೆನ್ಸ್ ಇದೆಯಲ್ಲ. ಎಂದಿನ ಹಾಗೆ.”

ಎಂದಿನ ಹಾಗೆ. ನಾನೂ ಹಾಗೆಯೇ ಅಂದುಕೊಂಡಿದ್ದೆ ನೋಡಿ.

ಅಕ್ಟೋಬರಿನಲ್ಲಿ ಎರಡು ದಿನ ಟ್ರಕ್ಕು ಓಡಿಸಿ ಬೆಲ್ಟನ್ ಫೋರ್ಕ್ ಎಂಬ ಊರು ತಲುಪಿದೆವು. ಒಂದು ಬೀದಿ, ಹಿಂದೆ ಬೆಟ್ಟ, ಬೆಟ್ಟದ ಹಿಂದೆ ಇನ್ನೂ ದೊಡ್ಡ ಬೆಟ್ಟ. ಮನೆಯೊಡತಿ ನೆಡ್ರಾಗೆ ಎಪ್ಪತ್ನಾಲ್ಕು ವರ್ಷ. ಇಬ್ಬರು ಗಂಡಂದಿರನ್ನೂ ನಾಲ್ಕು ಕುದುರೆಗಳನ್ನೂ ಮಣ್ಣು ಮಾಡಿದವಳು. ಕುದುರೆಗಳ ಹೆಸರು ಹೇಳುವಾಗ ಮಾತ್ರ ಅವಳ ಕಣ್ಣು ಒದ್ದೆಯಾಗುತ್ತಿತ್ತು. ಅವಳೇ ನಮ್ಮನ್ನು ಬೇಟೆ ಸಾಮಾನಿನ ಅಂಗಡಿಗೆ ಕರೆದುಕೊಂಡು ಹೋದಳು.

“ಎಲ್ಕಿಗೆ ಎರಡು ಪೆಟ್ಟಿಗೆ ಗುಂಡು ಕೊಡಿ,” ಎಂದ ಆರ್ವಿಡ್ ಗಲ್ಲೆಯ ಹೆಂಗಸಿಗೆ. “ಲೈಸೆನ್ಸ್ ಇವಳದು. ಹೊಡೆಯೋನು ನಾನು.”

ಬರೆಯುತ್ತಿದ್ದ ಹೆಂಗಸು ಪೆನ್ನು ಕೆಳಗಿಟ್ಟಳು. “ಇನ್ನೊಂದು ಸಲ ಹೇಳಿ?”

“ಲೈಸೆನ್ಸ್ ಇವಳದು...”

“ಯಾವ ಊರಾಯ್ತು ನಿಮ್ಮದು?”

“ವಿಸ್ಕಾನ್ಸಿನ್.”

“ಹಾಂ, ಅದಕ್ಕೇ. ನೋಡಿ ಇವ್ರೇ, ಇಲ್ಲಿ ಹಂಗೆಲ್ಲ ಇಲ್ಲ. ಯಾರ ಹೆಸರು ಲೈಸೆನ್ಸಿನಲ್ಲಿದೆಯೋ ಅವರ ಬೆರಳೇ ಟ್ರಿಗರ್ ಒತ್ತಬೇಕು. ನೀವು ಒತ್ತಿದ್ರೆ ಕಾಡು ಕಾಯೋ ವಾರ್ಡನ್ನು ಬಂದೂಕೂ ಒಯ್ತಾನೆ, ಟ್ರಕ್ಕೂ ಒಯ್ತಾನೆ. ನೀವು ಬೇಕಾದ್ರೆ ಜೊತೇಲಿ ಹೋಗಿ ಇವರ ಚೀಲ ಹೊತ್ಕೊಳ್ಳಿ.”

ಅಂಗಡಿಯಲ್ಲಿದ್ದವರೆಲ್ಲ ನನ್ನ ಕಡೆ ತಿರುಗಿದರು. ಗೋಡೆಯ ಮೇಲಿದ್ದ ಎಲ್ಕಿನ ತಲೆ ಕೂಡಾ ನನ್ನನ್ನೇ ನೋಡುತ್ತಿದೆ ಎನ್ನಿಸಿತು.

“ನಾನಾ?” ಎಂದೆ.

“ಮೂವತ್ತೊಂದು ಜಿಂಕೆ ಹೊಡೆದವಳಲ್ವಾ ನೀನು!” ಎಂದು ನೆಡ್ರಾ ನಕ್ಕ ನಗೆಗೆ ಕಿಟಕಿಯ ಗಾಜು ಅದುರಿತು. (ನನ್ನ ದಾಖಲೆಯ ಬಗ್ಗೆ ದಾರಿಯಲ್ಲಿ ತಮಾಷೆಗೆ ಹೇಳಿದ್ದೆ. ತಮಾಷೆ ಮಾಡುವ ಮುಂಚೆ ಆ ರಾಜ್ಯದ ಕಾನೂನು ಓದಿಕೊಳ್ಳಬೇಕು.)

ಆರ್ವಿಡ್‌ನ ಮುಖ ನೋಡಿದೆ. ಕಿಟಕಿಯ ಹತ್ತಿರ ಕಂಡಿದ್ದ ಅದೇ ಬೆನ್ನು ಈಗ ಮುಂಭಾಗಕ್ಕೂ ಬಂದಿತ್ತು. ನಾನು ಬಾಯಿಬಿಟ್ಟು, “ಆಯ್ತು, ನಾನೇ ಹೊಡೀತೀನಿ,” ಎಂದುಬಿಟ್ಟೆ.

ನಾಲ್ಕು ದಿನ ನೆಡ್ರಾಳ ಹಿತ್ತಲಿನಲ್ಲಿ ಖಾಲಿ ಡಬ್ಬಿಗಳಿಗೆ ಗುರಿ ಇಟ್ಟೆ. ಚಿಕ್ಕವಳಿದ್ದಾಗ ಅಪ್ಪನ ಜೊತೆ ಕಲಿತಿದ್ದ ವಿದ್ಯೆ ಭುಜದೊಳಗೆ ಎಲ್ಲೋ ಮಲಗಿತ್ತು. ಐದನೆಯ ದಿನ ಡಬ್ಬಿಗಳು ಉರುಳತೊಡಗಿದವು. ಮೊದಲ ದಿನದ ಬೇಟೆಗೆ ಆರ್ವಿಡ್ ಜೊತೆಗೆ ಬಂದ. ಬೆಟ್ಟ ಹತ್ತುವಷ್ಟು ಹೊತ್ತೂ ಹಿಂದಿನಿಂದ ಪಿಸುಗುಟ್ಟಿದ: “ಹಿಮ್ಮಡಿ ಊರಬೇಡ. ಮೂಗಿನಿಂದ ಉಸಿರಾಡು. ಗಾಳಿ ನೋಡು. ಅಷ್ಟು ಜೋರಾಗಿ ಕಣ್ಣು ಮಿಟುಕಿಸಬೇಡ.” ಕಣ್ಣು ಹೇಗೆ ಜೋರಾಗಿ ಮಿಟುಕಿಸುತ್ತಾರೆಂದು ಕೇಳಲು ತಿರುಗಿದೆ, ಅವನು ಅಲ್ಲಿರಲಿಲ್ಲ. ಹತ್ತು ಅಡಿ ಕೆಳಗೆ ಹಿಮದಲ್ಲಿ ಕೂತು ಮೊಣಕಾಲು ಹಿಡಿದುಕೊಂಡಿದ್ದ.

ಡಾಕ್ಟರು (ನನ್ನ ಕೆಂಪು ಕಾಲಮ್ಮಿನ ಪ್ರಕಾರ ಇಪ್ಪತ್ತು ನಿಮಿಷದ ದಾರಿ, ನೆನಪಿರಲಿ) ಮೊಣಕಾಲಿಗೆ ಪಟ್ಟಿ ಸುತ್ತಿ, ಬೇಟೆಯ ಕಾಲ ಮುಗಿಯುವವರೆಗೆ ಬೆಟ್ಟ ಹತ್ತಬಾರದೆಂದರು.

“ನಾಳೆಯಿಂದ ನಾನು ಬರ್ತೀನಿ ಹುಡುಗಿ,” ಎಂದಳು ನೆಡ್ರಾ. ಅರವತ್ತೊಂದರ ನಾನು ಅವಳಿಗೆ ಹುಡುಗಿ. “ಇವನು ಮನೇಲಿರಲಿ. ಮನೇಲೂ ಒಬ್ರು ಬೇಕಲ್ಲ.”

ಹೀಗೆ, ಯಾರೂ ಯೋಜಿಸದೆ, ಯಾರ ತಪ್ಪೂ ಇಲ್ಲದೆ, ಆರ್ವಿಡ್ ಟೋರ್ಗರ್ಸನ್ ಬೇಟೆಗಾರನ ಹೆಂಡತಿಯಾದ.

ಮೊದಲ ದಿನ ಅವನು ಕಟ್ಟಿಕೊಟ್ಟ ಬುತ್ತಿಯಲ್ಲಿ ಎರಡು ಬ್ರೆಡ್ಡಿನ ಮಧ್ಯೆ ಏನೂ ಇರಲಿಲ್ಲ. ಮಧ್ಯಕ್ಕೆ ಇಡಬೇಕಾದ ಮಾಂಸ ಅಡುಗೆಮನೆಯ ಕಟ್ಟೆಯ ಮೇಲೆ ಅಂದವಾಗಿ ಕೊಯ್ದು ಇಟ್ಟಿತ್ತು. ಎರಡನೆಯ ದಿನ ಫ್ಲಾಸ್ಕಿಗೆ ಬಿಸಿ ಸೂಪು ತುಂಬಿಸಿ ಮುಚ್ಚಳ ತಿರುವುವುದನ್ನು ಬಿಟ್ಟಿದ್ದ. ಬೆನ್ನ ಮೇಲೆ ಟೊಮೆಟೊ ಸೂಪು ಇಳಿಸಿಕೊಂಡು ನಾನು ಹತ್ತಿದ ಆ ಬೆಟ್ಟವನ್ನು ಎಲ್ಕುಗಳು ಆ ಇಡೀ ವಾರ ಬಹಿಷ್ಕರಿಸಿದವು. ಮೂರನೆಯ ದಿನ ನನ್ನ ಉಣ್ಣೆಯ ಒಳಅಂಗಿಯನ್ನು ಬಿಸಿನೀರಿನಲ್ಲಿ ಒಗೆದ. ಅದೀಗ ನೆಡ್ರಾಳ ಬೆಕ್ಕಿಗೆ ಸರಿಯಾಗಿದೆ.

“ಈರುಳ್ಳಿ ಹುರಿಯಬೇಡ ಮಾರಾಯಾ, ಬಟ್ಟೆಗೆ ವಾಸನೆ ಹಿಡಿಯತ್ತೆ,” ಎಂದೆ ನಾಲ್ಕನೆಯ ದಿನ.

“ಈರುಳ್ಳಿ ಇಲ್ದೆ ಅಡುಗೆ ಮಾಡೋದು ಹ್ಯಾಗೆ?” ಎಂದು ಅವನು ರೇಗಿದ. “ಯಾರಾದ್ರೂ ಮಾಡೋಕಾಗತ್ತಾ? ನೀನೇ ಹೇಳು!”

ಅವನ ಕೈಯಲ್ಲಿದ್ದ ಸೌಟು ನಿಧಾನವಾಗಿ ಕೆಳಗಿಳಿಯಿತು. ಅವನ ಕಿವಿಗಳು ಕೆಂಪಾದವು. ಹೊರಗೆ ಹೋಗಿ, ಪೈನ್ ಮರದ ಕೆಳಗೆ ನನ್ನ ಬಟ್ಟೆಗಳನ್ನು ಒಂದೊಂದಾಗಿ ತೋಳು ಬಿಡಿಸಿ, ಅಂಚು ನೇರ ಮಾಡಿ ಒಣಗಲು ಹಾಕಿದ. ಕುಂಟುತ್ತಾ.

ಮೂರನೆಯ ವಾರದ ಹೊತ್ತಿಗೆ ಬುತ್ತಿಯಲ್ಲಿ ಮಾಂಸವೂ, ಮಾಂಸದ ಜೊತೆ ಸಾಸಿವೆಯೂ, ಒಂದು ಸೇಬೂ ಬರತೊಡಗಿದವು. ಸೇಬು ಹೋಳು ಮಾಡಿ, ಬೀಜ ತೆಗೆದು. ನಮ್ಮಮ್ಮ ತೀರಿಕೊಂಡ ಮೇಲೆ ನನಗಾಗಿ ಯಾರೂ ಸೇಬಿನ ಬೀಜ ತೆಗೆದಿರಲಿಲ್ಲ. ಬೆಟ್ಟದ ಮೇಲೆ ಕೂತು ಆ ಹೋಳುಗಳನ್ನು ತಿನ್ನುವಾಗ, ನಾನು ಎಲ್ಕ್ ಬಂದೀತೆಂದು ಕಾಯುತ್ತಿದ್ದೇನೋ ಹನ್ನೆರಡು ಗಂಟೆ ಹೊಡೆದೀತೆಂದು ಕಾಯುತ್ತಿದ್ದೇನೋ ನನಗೇ ಗೊತ್ತಾಗುತ್ತಿರಲಿಲ್ಲ.

ಇನ್ನೊಂದು ಸಂಗತಿಯನ್ನು ಒಪ್ಪಿಕೊಳ್ಳಬೇಕು. ಸಂಜೆ ಮನೆಗೆ ಬಂದವಳು ಬೂಟುಗಳನ್ನು ಬಾಗಿಲ ನಡುವೆಯೇ ಕಳಚಿ, ಕುರ್ಚಿಯಲ್ಲಿ ಬಿದ್ದು, ಕೈ ಅಗಲಿಸಿ ಕಥೆ ಹೇಳತೊಡಗಿದ್ದೆ. “ಇಷ್ಟು ದೊಡ್ಡ ಹೆಜ್ಜೆ ಗುರುತು, ಆರ್ವಿಡ್! ಇಷ್ಟು!” ಮರುದಿನ ಅದೇ ಹೆಜ್ಜೆ ಒಂದು ಗೇಣು ಬೆಳೆದಿರುತ್ತಿತ್ತು. ಅವನು ಪಾತ್ರೆ ಒರೆಸುತ್ತಾ ಕೇಳುತ್ತಿದ್ದ. ಗಾಳಿ ಎತ್ತ ಇತ್ತು, ಹಿಮ ಗಟ್ಟಿಯಿತ್ತೇ, ಹಕ್ಕಿಗಳು ಇದ್ದಕ್ಕಿದ್ದಂತೆ ಸುಮ್ಮನಾದವೇ ಎಂದು ಕೇಳುತ್ತಿದ್ದ. ಕಣ್ಣು ಮುಚ್ಚಿ ನನ್ನ ಮಾತಿನ ದಾರಿ ಹಿಡಿದು ಬೆಟ್ಟ ಹತ್ತುತ್ತಿದ್ದ. ಪಟ್ಟಿ ಸುತ್ತಿದ ಕಾಲು ಸ್ಟೂಲಿನ ಮೇಲಿರುತ್ತಿತ್ತು.

ಬೇಟೆಯ ಕಾಲದ ಕೊನೆಯ ದಿನ ಬಂತು. ನವೆಂಬರ್ ಕೊನೆಯ ಥ್ಯಾಂಕ್ಸ್‌ಗಿವಿಂಗ್ ಹಬ್ಬ ಆದ ಮೇಲಿನ ಭಾನುವಾರ. ಅಷ್ಟು ದಿನಗಳಲ್ಲಿ ದೂರದಿಂದ ಎರಡು ಬಾಲ ಕಂಡಿದ್ದು ಬಿಟ್ಟರೆ ಏನೂ ಸಿಕ್ಕಿರಲಿಲ್ಲ. ಬೆಟ್ಟದ ಏಣಿನ ಒಂದು ತುದಿಗೆ ನೆಡ್ರಾ ಹೋದಳು, ಇನ್ನೊಂದು ತುದಿಯ ಬಂಡೆಯ ಹಿಂದೆ ನಾನು ಕೂತೆ. ಸಂಜೆಯೊಳಗೆ ಏನೂ ಬರದಿದ್ದರೆ ನಾನು ಗೆದ್ದೆ. ನನ್ನ ಚೌಕಟ್ಟು, ನನ್ನ ಡಾಟಿ, ನನ್ನ ಅಡುಗೆಮನೆ.

ಮೂರು ಗಂಟೆಗೆ ಅದು ಬಂತು.

ಮರಗಳ ನಡುವಿನಿಂದ ಯಾರೋ ಮನೆಯ ಯಜಮಾನ ಹೊರಗೆ ಬರುವಂತೆ ಬಂದು, ಎಂಬತ್ತು ಹೆಜ್ಜೆ ದೂರದಲ್ಲಿ, ಪಕ್ಕಕ್ಕೆ ತಿರುಗಿ ನಿಂತಿತು. ತಲೆಯ ಮೇಲೆ ಎಲೆ ಉದುರಿದ ಎರಡು ಮರಗಳಷ್ಟು ಕೊಂಬು. ಮೂಗಿನಿಂದ ಹಬೆ. ನಾನು ಕಲಿತದ್ದನ್ನೆಲ್ಲ ಮಾಡಿದೆ. ಬಂದೂಕನ್ನು ಬಂಡೆಗೆ ಊರಿದೆ. ಟ್ರಿಗರ್ ತಡೆಯುವ ಸೇಫ್ಟಿ ತೆಗೆದೆ. ಮೂಗಿನಿಂದ ಉಸಿರಾಡಿದೆ. ಕಣ್ಣನ್ನು ಜೋರಾಗಿ ಮಿಟುಕಿಸಲಿಲ್ಲ. ಬೆರಳನ್ನು ಟ್ರಿಗರಿನ ಮೇಲಿಟ್ಟೆ.

ಆಗ, ಬೇರೆ ಬೇಟೆಗಾರರಿಗೆ ಏನು ಕಾಣುತ್ತದೋ ಗೊತ್ತಿಲ್ಲ, ನನಗೆ ಪೊಟ್ಟಣಗಳು ಕಂಡವು. ಎದುರಿಗೆ ನಿಂತಿದ್ದ ಆ ಭವ್ಯ ಪ್ರಾಣಿಯ ತೊಡೆ, ಬೆನ್ನು, ಪಕ್ಕೆ, ಎಲ್ಲದರ ಮೇಲೂ ಗೆರೆ ಬಿದ್ದಂತಾಗಿ, ಅದು ನನ್ನ ಕಣ್ಣೆದುರೇ ತೊಂಬತ್ತು ಬಿಳಿ ಪೊಟ್ಟಣವಾಯಿತು. ಕೊಯ್ಯುವವರು ಯಾರು? ಕೊಚ್ಚುವವರು ಯಾರು? ಎರಡು ದಿನ ಬೆನ್ನು ಬಗ್ಗಿಸಿ ಪೊಟ್ಟಣ ಕಟ್ಟಿ, ಮೂರನೆಯ ದಿನ ಊರಿಗೆ ಹೋಗಿ ನನ್ನ ಮನೆಯನ್ನು ಪೆಟ್ಟಿಗೆಗೆ ತುಂಬುವವರು ಯಾರು? ಆ ಕೆಲಸಕ್ಕೂ ಲೈಸೆನ್ಸ್ ನನ್ನ ಹೆಸರಿನಲ್ಲೇ ಇರುತ್ತದೆ.

ಬಂದೂಕು ಕೆಳಗಿಳಿಸಿದೆ. ಎಲ್ಕ್ ಒಂದು ಕಿವಿ ಅಲ್ಲಾಡಿಸಿ, ಅವಸರವಿಲ್ಲದೆ ಕಾಡಿನೊಳಗೆ ಹೋಯಿತು.

ಸ್ವಲ್ಪ ಹೊತ್ತಿಗೆ ನೆಡ್ರಾ ಬಂದಳು. “ಏನಾದ್ರೂ ಕಾಣಿಸ್ತಾ?”

“ಇಲ್ಲ.”

ಅವಳು ಹಿಮದ ಮೇಲಿನ ಹೊಚ್ಚಹೊಸ ಹೆಜ್ಜೆಗಳನ್ನು ನೋಡಿದಳು, ಬಂಡೆಯನ್ನು ನೋಡಿದಳು, ನನ್ನನ್ನು ನೋಡಿದಳು. “ಸರಿ ಹಾಗಾದ್ರೆ,” ಎಂದಳು. “ಬೂಟು ಹಾಕ್ಕೊಂಡು ಮೊಲ ಹೋಗಿರಬೇಕು.”

ಮನೆಯ ಬಾಗಿಲು ತೆರೆದರೆ ಬೆಳಕೋ ಬೆಳಕು. ಅಡುಗೆಮನೆಯ ಮೇಜಿನ ಮೇಲೆ ಶುಭ್ರವಾದ ಟವೆಲು ಹಾಸಿ, ಸಾಣೆ ಹಿಡಿದ ನಾಲ್ಕು ಚಾಕುಗಳನ್ನು ಎತ್ತರದ ಪ್ರಕಾರ ಜೋಡಿಸಿತ್ತು. ನೆಡ್ರಾಳ ಹಳೆಯ ಮಾಂಸ ಕೊಚ್ಚುವ ಯಂತ್ರವನ್ನು ಬಿಚ್ಚಿ, ತೊಳೆದು, ಮತ್ತೆ ಕೂಡಿಸಿ ಮೇಜಿನಂಚಿಗೆ ಸಿಕ್ಕಿಸಿತ್ತು. ಬಿಳಿ ಕಾಗದವನ್ನು ಒಂದೇ ಅಳತೆಗೆ ಕತ್ತರಿಸಿ ರಾಶಿ ಮಾಡಿತ್ತು. ಆ ರಾಶಿಯ ಪಕ್ಕದಲ್ಲಿ ಚೀಟಿಗಳು. ಆಗ ಎಣಿಸಲಿಲ್ಲ, ಆಮೇಲೆ ಎಣಿಸಿದೆ: ತೊಂಬತ್ತು. ಪ್ರತಿಯೊಂದರ ಮೇಲೂ ಅವನ ಓರೆ ಅಕ್ಷರ. ‘ಲೋರ್ನಾಳ ಎಲ್ಕ್, ತೊಡೆ, ಸುಡುವುದಕ್ಕೆ.’ ‘ಲೋರ್ನಾಳ ಎಲ್ಕ್, ಪಕ್ಕೆ, ಸೂಪಿಗೆ.’ ‘ಲೋರ್ನಾಳ ಎಲ್ಕ್, ಕೊಚ್ಚಿದ್ದು, ಈರುಳ್ಳಿ ಹಾಕಿ ಹುರಿಯುವುದಕ್ಕೆ.’

ಆರ್ವಿಡ್ ನೆಡ್ರಾಳ ಹೂವಿನ ಏಪ್ರನ್ ಕಟ್ಟಿಕೊಂಡು, ಒಂದೇ ಕಾಲಿನ ಮೇಲೆ ಭಾರ ಹಾಕಿ ನಿಂತಿದ್ದ.

“ಕೂತ್ಕೋ, ಕೂತ್ಕೋ. ಇವತ್ತು ನೀನು ಒಂದು ಪೊಟ್ಟಣ ಕೂಡಾ ಮುಟ್ಟಕೂಡ್ದು. ಎಲ್ಲಾ ನನ್ನದೇ ಕೆಲಸ.” ನನ್ನ ಭುಜದ ಮೇಲಿಂದ ಹೊರಗಿದ್ದ ಟ್ರಕ್ಕಿನ ಕಡೆ ಕತ್ತು ಚಾಚಿದ. “ಎಲ್ಲಿ? ಹಿಂದುಗಡೆ ಇದೆಯಾ?”

“ಬರಲಿಲ್ಲ, ಆರ್ವಿಡ್.”

ಅವನ ಕತ್ತು ನಿಧಾನವಾಗಿ ಹಿಂದೆ ಬಂತು. “ಓ,” ಎಂದ. ಆಮೇಲೆ, “ಅಯ್ಯೋ, ಬಿಡು. ಅದು ಬರದಿದ್ರೆ ನೀನೇನು ಮಾಡೋಕಾಗತ್ತೆ? ಕೈ ಎಷ್ಟು ತಣ್ಣಗಿದೆ ನೋಡು,” ಎಂದು ನನ್ನ ಎರಡೂ ಕೈಗಳನ್ನು ಏಪ್ರನ್ನಿನೊಳಗೆ ತನ್ನ ಹೊಟ್ಟೆಗೆ ಒತ್ತಿಕೊಂಡ. “ಮಾತು ಅಂದ್ರೆ ಮಾತು. ಊರಿಗೆ ಹೋಗೋಣ. ನಾನಿನ್ನು ಈ ವಿಷಯ ಎತ್ತಲ್ಲ.”

ಬೆನ್ನು ತಿರುಗಿಸಿ ಚಾಕುಗಳನ್ನು ಒಂದೊಂದಾಗಿ ಟವೆಲಿನಲ್ಲಿ ಸುತ್ತತೊಡಗಿದ. ನಾನು ಗೆದ್ದಿದ್ದೆ. ಅವನು ಸುತ್ತಿಡುತ್ತಿದ್ದ ಚಾಕುಗಳನ್ನು ಎಣಿಸಿದೆ: ಒಂದು, ಎರಡು, ಮೂರು.

“ಬಂದಿತ್ತು,” ಎಂದೆ.

ಚಾಕು ನಿಂತಿತು.

“ಎಷ್ಟು ದೂರ?”

“ಎಂಬತ್ತು ಹೆಜ್ಜೆ.”

“ಓಡ್ತಾ ಇತ್ತಾ?”

“ನಿಂತಿತ್ತು. ಪಕ್ಕಕ್ಕೆ ತಿರುಗಿ.”

ಅವನು ಮೇಜು ಹಿಡಿದು ಕುರ್ಚಿಯ ಮೇಲೆ ಕೂತ. “ಸೇಫ್ಟಿ ತೆಗೆಯೋದು ಮರೆತ್ಯಾ?”

“ತೆಗೆದಿದ್ದೆ.”

“ಬೆರಳು?”

“ಇಟ್ಟಿದ್ದೆ. ಆಮೇಲೆ... ಆಮೇಲೆ ಪೊಟ್ಟಣಗಳು ಕಂಡ್ವು ಆರ್ವಿಡ್. ತೊಂಬತ್ತು ಪೊಟ್ಟಣ. ಎಲ್ಲಾ ನಾನೇ ಕಟ್ಟಬೇಕು ಅಂದ್ಕೊಂಡೆ. ನೀನು ಹೀಗೆ... ನೀನು ಇದನ್ನೆಲ್ಲ... ನನಗೆ ಗೊತ್ತಿರಲಿಲ್ಲ.”

ಆರ್ವಿಡ್ ನನ್ನನ್ನು ಬಹಳ ಹೊತ್ತು ನೋಡಿದ. ಅವನ ಮುಖದಲ್ಲಿ ಏನೋ ಒಂದು ಕಿವಿಯ ಹತ್ತಿರ ಹುಟ್ಟಿ ಬಾಯಿಯ ಕಡೆಗೆ ಮೆಲ್ಲಗೆ ಬರುತ್ತಿತ್ತು. ಮೂವತ್ತಾರು ವರ್ಷ ಕಾದಿದ್ದ ಎಲ್ಕ್ ಕೊನೆಗೂ ಅವನ ಎದುರಿಗೆ, ಎಂಬತ್ತು ಹೆಜ್ಜೆಯಲ್ಲ, ಎರಡೇ ಹೆಜ್ಜೆಯಲ್ಲಿ ಪಕ್ಕಕ್ಕೆ ತಿರುಗಿ ನಿಂತಿತ್ತು. ಆ ಮನುಷ್ಯನ ಗುರಿ ತಪ್ಪಲಿಲ್ಲ.

“ಇನ್ನೊಂದು ಗೇಣು, ಲೋರ್ನಾ,” ಎಂದ.

ನನಗೆ ನಗು ಬಂತೋ ಅಳು ಬಂತೋ ಹೇಳಲಾರೆ. ಎರಡಕ್ಕೂ ಮೂಗು ಒರೆಸಿಕೊಳ್ಳಲು ಅವನು ಏಪ್ರನ್ನಿನ ತುದಿ ಕೊಟ್ಟ.

ಮರುದಿನ ಬೆಳಗ್ಗೆ ಡಾಟಿಗೆ ಫೋನ್ ಮಾಡಿ, ಎಲ್ಕ್ ಸಿಗಲಿಲ್ಲ, ಆದರೂ ನಾವು ಇನ್ನೂ ಒಂದು ವರ್ಷ ಇಲ್ಲೇ ಇದ್ದು ನೋಡುತ್ತೇವೆ, ನಮ್ಮ ಮನೆಯ ಗಿಡಗಳಿಗೆ ನೀರು ಹಾಕುತ್ತಿರು ಎಂದೆ.

“ಎಲ್ಕ್ ಸಿಗ್ಲಿಲ್ಲ ಅಂದೆ! ಮತ್ಯಾಕೆ? ಅಷ್ಟು ಚೆನ್ನಾಗಿದೆಯಾ ಅಲ್ಲಿ ಬೇಟೆ?”

“ಬೇಟೆ ಪರವಾಗಿಲ್ಲ,” ಎಂದೆ. “ಬುತ್ತಿ ಬಹಳ ಚೆನ್ನಾಗಿದೆ.”

ಫೋನಿಟ್ಟು ತಿರುಗಿದರೆ ಆರ್ವಿಡ್ ಆ ತೊಂಬತ್ತು ಚೀಟಿಗಳನ್ನು ಕಸದ ಬುಟ್ಟಿಯ ಹತ್ತಿರಕ್ಕೆ ಒಯ್ಯುತ್ತಿದ್ದ. ಕಸಿದುಕೊಂಡು ಒಂದೊಂದಾಗಿ ನೋಡಿದೆ. ಯಾವ ಭಾಗ ಎಂದು ಬರೆದಿತ್ತು, ಯಾವುದಕ್ಕೆ ಎಂದು ಬರೆದಿತ್ತು. ವರ್ಷ ಬರೆಯುವುದನ್ನು ತೊಂಬತ್ತರಲ್ಲೂ ಬಿಟ್ಟಿದ್ದ.

ಬಾಯಿಗೆ ಬಂದ ಮಾತನ್ನು ನುಂಗಿಕೊಂಡೆ. ಚೀಟಿಗಳಿಗೆ ದಾರ ಕಟ್ಟಿ, ಬರುವ ನವೆಂಬರಿಗೆಂದು, ಚಾಕುಗಳ ಡ್ರಾಯರಿನಲ್ಲಿ ಇಟ್ಟೆ. ಡ್ರಾಯರನ್ನು ನಾನು ಪೂರ್ತಿ ಮುಚ್ಚಿರಲಿಲ್ಲ. ಹಿಂದಿನಿಂದ ಬಂದ ಆರ್ವಿಡ್ ಅದನ್ನು ಒಂದೇ ಬೆರಳಿನಿಂದ ಒಳಗೆ ತಳ್ಳಿ, ಏನೂ ಅನ್ನದೆ, ನನ್ನ ಬೂಟುಗಳನ್ನು ಒಣಗಲು ಇಡಲು ಹೋದ.